ಕಾರಕೂನನ ಕಡತ: ಮನೆಗೆ ಯಾವ ಮೋಡೆಮ್ ತರೋಣ?

ದೀಪಾವಳಿಯ ಹಿಂದಿನ ರವಿವಾರ ಅಟ್ಟವನ್ನು ತೆರವು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಕೋಥರೂಡದ ಬಾಡಿಗೆಯ ಮನೆಯಲ್ಲಿ ಅಟ್ಟವೆಂದರೆ ಎಷ್ಟರ ಮಹಾ ಅಟ್ಟ! ಎರಡು ಟ್ರಂಕು, ಒಂದು ಹಳೆಯ ಗಾದಿ, ಊರಿನಿಂದ ಬಂದ ಹಿತ್ತಾಳೆಯ ಪಾತೇಲಿ. ಅವುಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಅದನ್ನು ಬಿಚ್ಚಿ ನೋಡಿದರೆ ಧೂಳು ಹಿಡಿದ ಮೂರು ಯಂತ್ರಗಳು. ಒಂದು ಬೆರಳುದ್ದದ ಕಡ್ಡಿಯಂಥದು. ಇನ್ನೊಂದು ನಾಲ್ಕು ದೀಪಗಳ ಕರಿಯ ಡಬ್ಬಿ. ಮೂರನೆಯದು ಬಿಳಿಯದು, ಹೊಚ್ಚ ಹೊಸದರ ಹಾಗಿತ್ತು. ಯಾಕೆಂದರೆ ಅದು ನಮ್ಮ ಮನೆಯಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.

"ಇವನ್ನ ಭಂಗಾರದವಗ ಕೊಡೂಣೇನ್ರಿ?" ಎಂದು ಶ್ರೀಮತಿ ಕೆಳಗಿನಿಂದ ಕೇಳಿದಳು.

"ತಡಿ, ನೋಡೂಣು," ಎಂದೆ.

"ಮೂರೂ ಕೂಡಿ ಎಷ್ಟು ರೊಕ್ಕಾ ಹಾಕೀರಿ?"

ಈ ಪ್ರಶ್ನೆಗೆ ನಾನು ಧೂಳು ಮೂಗಿಗೆ ಹೋದವನಂತೆ ಸೀನಿದೆನೇ ಹೊರತು ಉತ್ತರ ಕೊಡಲಿಲ್ಲ.

ಇದನ್ನು ಇಲ್ಲಿ ಹೇಳಲು ಕಾರಣವುಂಟು. ರಾಜ್ಯೋತ್ಸವದ ಕೂಟದಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಾಗ ಈ ಅಂಕಣದ ವಾಚಕರು ಮೂರು ನಾಲ್ಕು ಜನ ನನ್ನನ್ನು ಒಂದೇ ಮಾತು ಕೇಳಿದರು: "ಮನೆಗೆ ಇಂಟರ್‌ನೆಟ್ ಹಾಕಿಸಬೇಕು. ಒಬ್ಬ ಫೈಬರ್ ಅನ್ನುತ್ತಾನೆ, ಒಬ್ಬ ಕೇಬಲ್ ಅನ್ನುತ್ತಾನೆ, ಒಬ್ಬ ಗಾಳಿಯಲ್ಲಿಯೇ ಬರುತ್ತದೆ ಅನ್ನುತ್ತಾನೆ. ಯಾವ ಮೋಡೆಮ್ ಒಳ್ಳೆಯದು?" ನಾನು ಇಂಜಿನಿಯರನಲ್ಲ. ಇತಿಹಾಸ ಓದಿ ಬಿ.ಎ. ಮಾಡಿಕೊಂಡು ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವವನು. ಈ ವಿಷಯದಲ್ಲಿ ನನಗಿರುವ ಅರ್ಹತೆ ಎರಡೇ: ಹತ್ತು ವರ್ಷಗಳಲ್ಲಿ ಮೂರು ಸಲ ತಪ್ಪಿದ್ದೇನೆ, ತಪ್ಪಿದ ಪ್ರತಿ ಸಲದ ಪಾವತಿಯನ್ನೂ ಜೋಪಾನವಾಗಿ ಕಡತದಲ್ಲಿ ಇಟ್ಟಿದ್ದೇನೆ. ಆ ಕಡತವನ್ನು ಇಂದು ವಾಚಕರ ಮುಂದೆ ಬಿಚ್ಚುತ್ತೇನೆ.

ಮೊದಲು ಹೆಸರಿನ ವಿಚಾರ. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬ ಎರಡು ಇಂಗ್ಲಿಷ್ ಪದಗಳ ತಲೆಗಳನ್ನಷ್ಟೇ ಕೂಡಿಸಿ ಮೋಡೆಮ್ ಎಂದು ಮಾಡಿದ್ದಾರೆ. ಗಣಕಯಂತ್ರಕ್ಕೆ ಒಂದು ಮತ್ತು ಸೊನ್ನೆ ಎಂಬ ಎರಡೇ ಅಕ್ಷರ ಗೊತ್ತು. ಹೊರಗಿನ ತಂತಿಗೆ ಗೊತ್ತಿರುವದು ವಿದ್ಯುತ್ತಿನ ಅಲೆ. ಗಾಜಿನ ಎಳೆಗೆ ಬೆಳಕು. ಬಯಲಿಗೆ ರೇಡಿಯೋ ಅಲೆ. ಒಳಗಿನ ಮಾತನ್ನು ಹೊರಗಿನ ಭಾಷೆಗೆ ತಿರುಗಿಸಿ ಕಳಿಸುವದು, ಹೊರಗಿನಿಂದ ಬಂದದ್ದನ್ನು ಒಳಗಿನ ಭಾಷೆಗೆ ತಿರುಗಿಸಿ ಕೊಡುವದು, ಇಷ್ಟೇ ಮೋಡೆಮ್ಮಿನ ಉದ್ಯೋಗ. ಪುಣೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಬಾಗಿಲಲ್ಲಿ ಕಾಯಿಪಲ್ಯದವನ ಸಂಗಡ ಮರಾಠಿಯಲ್ಲಿ ಚೌಕಾಸಿ ಮಾಡಿ, ಒಳಗೆ ಬಂದು ಅತ್ತೆಗೆ ಕನ್ನಡದಲ್ಲಿ ಬದನೆಕಾಯಿಯ ಬೆಲೆ ಹೇಳುವ ಗೃಹಿಣಿ ದಿನಕ್ಕೆ ಹತ್ತು ಸಲ ಈ ಕೆಲಸವನ್ನೇ ಮಾಡುತ್ತಾಳೆ.

ಇದರಿಂದ ಮೊದಲನೆಯ ನಿಯಮ ತಾನಾಗಿಯೇ ಹೊರಡುತ್ತದೆ. ದುಭಾಷಿಯನ್ನು ಗೊತ್ತುಮಾಡುವ ಮೊದಲು ಹೊರಗಿನವನ ಭಾಷೆ ಯಾವದೆಂದು ತಿಳಿಯಬೇಕು. ತೆಲುಗು ಮಾತಾಡುವವನ ಹತ್ತಿರ ಮರಾಠಿ ಬಲ್ಲವನನ್ನು ಕಳಿಸಿ ಏನು ಪ್ರಯೋಜನ? ಹಾಗೆಯೇ ಮನೆಗೆ ಬರುವ ದಾರಿ ತಾಮ್ರದ್ದೋ, ಗಾಜಿನದೋ, ಗಾಳಿಯದೋ ಎಂಬುದು ನಿಶ್ಚಯವಾಗುವವರೆಗೆ ಅಂಗಡಿಗೆ ಹೋಗಬಾರದು. ನಾನು ಹೋಗಿದ್ದೆ. ಆ ಬಿಳಿಯ ಡಬ್ಬಿಯ ಕಥೆ ಅದೇ, ಮುಂದೆ ಹೇಳುತ್ತೇನೆ.

ಅಮೇರಿಕದ ಬೆಲ್ ಸಂಸ್ಥೆಯವರು 1960ರ ದಶಕದಲ್ಲಿ ಬೆಲ್ 103 ಎಂಬ ಮೋಡೆಮ್ಮನ್ನು ಮಾರಾಟಕ್ಕೆ ತಂದರು. ಅದರ ವೇಗ ಸೆಕೆಂಡಿಗೆ 300 ಬಿಟ್. ಇಂದು ಗಣಕದಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಯನ್ನು ಇಡಲು ಸಾಮಾನ್ಯವಾಗಿ 24 ಬಿಟ್ ಬೇಕು. ಎಂದರೆ ಆ ಯಂತ್ರ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡು ಚಿಹ್ನೆಗಳನ್ನು ಕಳಿಸೀತು. ಕೈಯಿಂದ ಬರೆಯುವವನಿಗಿಂತ ಜಾಸ್ತಿ, ಅಷ್ಟೇ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದಿನದು ಫೋನು ಹಚ್ಚುವ ಮೋಡೆಮ್. ಕೀಚ್ ಕೀಚ್ ಎಂದು ಕಿರುಚಿ ಸಂಪರ್ಕ ಮಾಡಿಕೊಂಡ ಮೇಲೆ ಮನೆಯ ಫೋನು ಬೇರೆಯವರಿಗೆ ಸಿಕ್ಕುತ್ತಿರಲಿಲ್ಲ. ಆ ಜಾತಿಯ ಮೋಡೆಮ್ಮುಗಳು ಬೆಳೆದು ಬೆಳೆದು ಸೆಕೆಂಡಿಗೆ 56 ಸಾವಿರ ಬಿಟ್ಟಿಗೆ ನಿಂತವು. ಇಂದಿನ ಮೊಬೈಲಿನಲ್ಲಿ ತೆಗೆದ 4 ಎಂಬಿಯ ಒಂದು ಫೋಟೋ ಅದರಲ್ಲಿ ಬರಲು ಹತ್ತಿರ ಹತ್ತಿರ ಹತ್ತು ನಿಮಿಷ ಹಿಡಿದೀತು. ಈ ಜಾತಿ ಈಗ ಆಯ್ಕೆಯಲ್ಲಿಲ್ಲ. ಹಿರಿಯರ ಸ್ಮರಣೆಗಾಗಿ ಹೇಳಿದೆ.

ಈಗ ನನ್ನ ಪೆಟ್ಟಿಗೆಯ ಯಂತ್ರಗಳಿಗೆ ಬರೋಣ.

ಬೆರಳುದ್ದದ ಕಡ್ಡಿ 2015ರದು. ಪುಣೆಗೆ ಬಂದ ಹೊಸದರಲ್ಲಿ, ಕೋಥರೂಡ ಸ್ಟ್ಯಾಂಡಿನ ಹತ್ತಿರ ಇಬ್ಬರು ಗೆಳೆಯರೊಡನೆ ಕೋಣೆ ಮಾಡಿಕೊಂಡಿದ್ದಾಗ ಕೊಂಡದ್ದು. ಡಾಂಗಲ್ ಎನ್ನುತ್ತಾರೆ. ಒಳಗೆ ಮೊಬೈಲಿನ ಸಿಮ್ ಹಾಕಿ ಲ್ಯಾಪ್‌ಟಾಪಿನ ಮಗ್ಗುಲಿಗೆ ಚುಚ್ಚುವದು. ಗೋಡೆ ಕೊರೆಯುವ ಹಾಗಿಲ್ಲ, ಮಾಲಕರನ್ನು ಕೇಳುವ ಹಾಗಿಲ್ಲ. ಕೋಣೆ ಬಿಟ್ಟರೆ ಕಿಸೆಯಲ್ಲಿ ಹಾಕಿಕೊಂಡು ನಡೆದರಾಯಿತು. ಒಂಟಿ ಮನುಷ್ಯನಿಗೆ, ಮೇಲಿಂದ ಮೇಲೆ ವರ್ಗವಾಗುವವನಿಗೆ ಇದು ಅನುಕೂಲ. ಇಂದು ಅದರ ಕೆಲಸವನ್ನು ಮೊಬೈಲಿನ ಹಾಟ್‌ಸ್ಪಾಟೇ ಮಾಡುತ್ತದೆ. ಆದ್ದರಿಂದ ಡಾಂಗಲಿಗೆಂದು ಬೇರೆ ಹಣ ಹಾಕುವ ಅವಶ್ಯಕತೆ ಸಾಮಾನ್ಯ ಸಂಸಾರಕ್ಕೆ ಇಲ್ಲ. ನನ್ನ ತಪ್ಪೆಂದರೆ, ಮದುವೆಯಾದ ಮೇಲೂ ಇದೇ ಸಾಕೆಂದು ಕೂತದ್ದು. ಇಬ್ಬರು ಕೂಡಿದರೆ ಅದು ಸೋಲುತ್ತಿತ್ತು.

ಕರಿಯ ಡಬ್ಬಿ 2018ರದು. ಮಗಳು ಹುಟ್ಟಿದ ವರ್ಷ ನಾವು ಒಂದು ಹಳೆಯ ಬಂಗಲೆಯ ಕೆಳಗಿನ ಭಾಗಕ್ಕೆ ಬಂದೆವು. ಮಾಲಕರು ಮೇಲೆ. ಅವರ ಮನೆಗೆ ತಾಮ್ರದ ತಂತಿಯ ಫೋನಿತ್ತು. ಅದೇ ತಂತಿಯ ಮೇಲೆ ಇಂಟರ್‌ನೆಟ್. ಖರ್ಚನ್ನು ಅರ್ಧ ಅರ್ಧ ಹಂಚಿಕೊಂಡು, ಡಬ್ಬಿಯ ಹಣವನ್ನು ನಾನು ಕೊಟ್ಟೆ. ಇದಕ್ಕೆ ಎ.ಡಿ.ಎಸ್.ಎಲ್. ಮೋಡೆಮ್ ಎಂದು ಹೆಸರು. 2005ರಲ್ಲಿ ಬಿ.ಎಸ್.ಎನ್.ಎಲ್. ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ ಮೇಲೆ ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಇಂಟರ್‌ನೆಟ್ ಬಂದದ್ದು ಈ ಡಬ್ಬಿಯಿಂದಲೇ. ನಮ್ಮ ಮಾತಿಗೆ ತಂತಿಯಲ್ಲಿ ಬೇಕಾಗುವದು ಕೆಳಗಿನ ಸಣ್ಣ ಪಟ್ಟಿ, ಸುಮಾರು ನಾಲ್ಕು ಸಾವಿರ ಹರ್ಟ್ಸ್‌ವರೆಗಿನದು. ಅದರ ಮೇಲಿನ ಖಾಲಿ ಜಾಗದಲ್ಲಿ ಇಂಟರ್‌ನೆಟ್ಟನ್ನು ಓಡಿಸಿದರು. ಎರಡನ್ನೂ ಬೇರ್ಪಡಿಸಲು ಒಂದು ಪುಟ್ಟ ಸೋಸುಡಬ್ಬಿ. ಅದರಿಂದ ಫೋನಿನಲ್ಲಿ ಮಾತಾಡುತ್ತಲೇ ಇಂಟರ್‌ನೆಟ್ ನೋಡಲು ಬಂದಿತು. ಈ ಜಾತಿಯ ಮುಂದುವರಿದ ಮಾದರಿಯಲ್ಲಿ ಸೆಕೆಂಡಿಗೆ 24 ಎಂಬಿಪಿಎಸ್‌ವರೆಗೂ ವೇಗ ಬರಬಲ್ಲದು. ಆದರೆ ಫೋನಿನ ಕೇಂದ್ರ ಮನೆಗೆ ಹತ್ತಿರವಿದ್ದವರಿಗೆ ಮಾತ್ರ. ದೂರ ಹೋದ ಹಾಗೆ ವೇಗ ಕುಸಿಯುತ್ತದೆ.

ಆದರೆ ಆ ಹೆಸರಿನ ಮೊದಲನೆಯ ಅಕ್ಷರದಲ್ಲಿಯೇ ಒಂದು ಮಾತು ಅಡಗಿದೆ, ಅದನ್ನು ನಾನು ಲಕ್ಷಿಸಿರಲಿಲ್ಲ. 'ಎ' ಎಂದರೆ ಅಸಮ. ಬರುವ ದಾರಿ ಅಗಲ, ಹೋಗುವ ದಾರಿ ಇಕ್ಕಟ್ಟು. ಬರುವದು ಹತ್ತಾರು ಪಾಲು ಇದ್ದರೆ ಹೋಗುವದು ಸುಮಾರು ಒಂದು ಎಂಬಿಪಿಎಸ್. ಸಿನೆಮಾ ನೋಡುವವನಿಗೆ, ಪತ್ರಿಕೆ ಓದುವವನಿಗೆ ಇದರಿಂದ ಬಾಧಕವಿಲ್ಲ. ಅವನು ತೆಗೆದುಕೊಳ್ಳುವವನು, ಕೊಡುವವನಲ್ಲ. ನಮ್ಮ ಪ್ರಸಂಗ ಬೇರೆಯಾಗಿತ್ತು.

ನಮ್ಮ ಊರು ಕಿತ್ತೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಅಣ್ಣ ವೈನಿಯರ ಸಂಗಡ ಊರಲ್ಲಿಯೇ ಇದ್ದಾರೆ. ಅರವತ್ತೈದರ ಮೇಲೆ ಅವರ ಕಿವಿ ಕ್ರಮೇಣ ಮಂದವಾಯಿತು. ಯಂತ್ರ ಹಾಕಿಸಿಕೊಟ್ಟೆವು, ಗದ್ದಲ ಜಾಸ್ತಿಯಾಗುತ್ತದೆಂದು ಡಬ್ಬಿಯಲ್ಲಿಟ್ಟರು. ಮೂವತ್ತೈದು ವರ್ಷ ಹುಡುಗರ ಬಾಯಿ ನೋಡಿ ತಪ್ಪು ಹಿಡಿದ ಕಣ್ಣು ಅವರದು. ಎದುರಿಗೆ ಕೂತವರ ತುಟಿ ನೋಡಿದರೆ ಮಾತು ಹೊಂದಿಸಿಕೊಳ್ಳುತ್ತಾರೆ. ಆದ್ದರಿಂದ ಬರಿಯ ಫೋನಿನ ಮಾತು ಅವರಿಗೆ ಇದ್ದೂ ಇಲ್ಲದಂತೆ. ನನ್ನ ಮುಖ ಕಂಡರೇ ಮಾತು.

2021ರ ಮೇ ತಿಂಗಳಲ್ಲಿ ಅಪ್ಪನಿಗೆ ಜ್ವರ ಬಂದಿತು. ಆ ದಿನಗಳನ್ನು ವಾಚಕರಿಗೆ ನೆನಪು ಮಾಡಿಕೊಡುವದು ಬೇಡ. ಊರಿಗೆ ಹೋಗುವ ಹಾಗಿರಲಿಲ್ಲ. ಅಪ್ಪನನ್ನು ಹಿಂದಿನ ಕೋಣೆಯಲ್ಲಿ ಬೇರೆ ಇಟ್ಟು, ಅಣ್ಣ ತನ್ನ ಮೊಬೈಲನ್ನು ಅವರ ಮುಂದೆ ಗೂಡಿನಲ್ಲಿ ನಿಲ್ಲಿಸಿ ಬಾಗಿಲ ಹೊರಗೆ ನಿಲ್ಲುತ್ತಿದ್ದ. ಅಪ್ಪನ ಮುಖ ನನಗೆ ಕಾಣುತ್ತಿತ್ತು. ದಾಡಿ ಬೆಳೆದದ್ದು, ಕಣ್ಣು ಒಳಗೆ ಹೋದದ್ದು, ಎಲ್ಲ ಕಾಣುತ್ತಿತ್ತು. ನಾನು ಮಾತ್ರ ಅವರಿಗೆ ಕಾಣುತ್ತಿರಲಿಲ್ಲ. ಮೇಲಿನ ಮನೆಯಲ್ಲಿ ಮಾಲಕರ ಮಗ ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತ ಅದೇ ಇಕ್ಕಟ್ಟಿನ ದಾರಿಯಲ್ಲಿ ತನ್ನ ಕಾಗದಗಳನ್ನು ಕಳಿಸುತ್ತಿದ್ದ. ಅವನದೇನು ತಪ್ಪು? ಅವನ ಅನ್ನ ಅದು.

"ತಮ್ಮಾ, ನಿನ್ನ ಮಾರಿ ಕಾಣವಲ್ದೋ. ಬಾಯಿ ತಗದದ್ದು ತಗದಂಗ ನಿಂತೈತಿ," ಎಂದು ಅಪ್ಪ ಆ ಕಡೆಯಿಂದ ಒದರಿದರು.

ಅರ್ಧ ತಾಸು ಹೀಗೆಯೇ ಹೋಯಿತು. ಕೊನೆಗೆ ಶ್ರೀಮತಿ ಮಗಳ ಪಾಟಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಚಿತ್ರ ನಿಂತರೇನು, ಬರೆದ ಅಕ್ಷರ ನಿಂತೇ ಇರುತ್ತದಲ್ಲ! ದೊಡ್ಡದಾಗಿ ಎರಡೆರಡೇ ಶಬ್ದ ಬರೆದು ಹಿಡಿದೆ: "ಜ್ವರ ಎಷ್ಟು?" ಅಪ್ಪ ಓದಿ ಹೇಳಿದರು. "ಊಟ ಆಯ್ತೇ?" ಅದಕ್ಕೂ ಹೇಳಿದರು. ಮೂರನೆಯದಾಗಿ ಅವಸರದಲ್ಲಿ "ಔಶಧ ತಗೊಂಡಿರಾ?" ಎಂದು ಬರೆದೆ. ಅಪ್ಪ ಬಹಳ ಹೊತ್ತು ದಿಟ್ಟಿಸಿದರು. ಚಿತ್ರ ಮತ್ತೆ ಕೆಟ್ಟಿತೇನೋ ಎಂದುಕೊಂಡೆ. "ಷ ಬರಿ. ಹೊಟ್ಟಿ ಸೀಳಿದ್ದು," ಎಂದರು. ನನಗೆ ಆಗ ಧೈರ್ಯ ಬಂದಿತು. ತಪ್ಪು ತಿದ್ದುವಷ್ಟು ತ್ರಾಣವಿದ್ದರೆ ಮನುಷ್ಯ ಗಟ್ಟಿಯಿದ್ದಾನೆಂದೇ ಅರ್ಥ. ಹನ್ನೆರಡು ದಿನ ಪಾಟಿಯ ಮೇಲೆಯೇ ಮಾತುಕತೆ ನಡೆಯಿತು. ದೇವರ ದಯದಿಂದ ಗುಣವಾದರು.

ಆ ಹನ್ನೆರಡು ದಿನಗಳಲ್ಲಿ ನಾನು ಕಲಿತ ಎರಡನೆಯ ನಿಯಮ: ಬರುವ ವೇಗವನ್ನಷ್ಟೇ ಕೇಳಬೇಡಿ, ಹೋಗುವ ವೇಗವನ್ನೂ ಕೇಳಿ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದ ಅಂಕೆ ಸಾಮಾನ್ಯವಾಗಿ ಬರುವದರದೇ ಆಗಿರುತ್ತದೆ. ಚಿತ್ರ ಸಹಿತ ಮಾತಾಡುವದಕ್ಕೆ ಒಬ್ಬೊಬ್ಬರಿಗೆ ಎರಡೂ ಕಡೆಗೆ ಒಂದೆರಡು ಎಂಬಿಪಿಎಸ್ ಬಿಡುವಾಗಿ ಸಿಕ್ಕರೆ ಸಾಕು; ಆದರೆ ಅದು ನಿಮ್ಮದೇ ಆಗಿ ಸಿಕ್ಕಬೇಕು.

ಇನ್ನು ಬಿಳಿಯ ಡಬ್ಬಿ. ಕಳೆದ ವರ್ಷಗಳ ಅನುಭವದಿಂದ ಬೇಸತ್ತು, 2024ರ ಬೇಸಿಗೆಯಲ್ಲಿ ಈಗಿನ ಮೂರನೆಯ ಮಜಲೆಯ ಮನೆ ನಿಶ್ಚಯವಾದ ಕೂಡಲೆ ಉತ್ಸಾಹದಿಂದ ಪೇಠೆಗೆ ಹೋಗಿ, "ಒಳ್ಳೆಯ ಮೋಡೆಮ್ ಕೊಡಿ" ಎಂದು ಕೇಳಿ ತಂದೆ. ಅಂಗಡಿಯವನು ಕೇಳಿದ್ದನ್ನು ಕೊಟ್ಟ. ತಂದು ನೋಡಿದರೆ ಅದರ ಬೆನ್ನಿಗೆ ಹೊರಗಿನ ಸಂಪರ್ಕಕ್ಕಿದ್ದದ್ದು ಫೋನಿನ ತಂತಿಯ ಸಣ್ಣ ಕಿಂಡಿ. ಹೊಸ ಮನೆಗೆ ಫೋನಿನ ತಂತಿಯೇ ಇಲ್ಲ! ಎರಡು ಸಾವಿರಕ್ಕೆ ನೂರು ಕಡಿಮೆ, ಗಂಗಾರ್ಪಣ.

ಇಲ್ಲಿ ಮೋಡೆಮ್ಮಿಗೂ ರೌಟರಿಗೂ ಇರುವ ಭೇದವನ್ನು ಹೇಳಿಬಿಡಬೇಕು. ಮೋಡೆಮ್ ದುಭಾಷಿ, ರೌಟರ್ ಮನೆಯೊಳಗೆ ಹಂಚುವವನು. ಯಾರ ಪತ್ರ ಯಾರಿಗೆಂದು ನೋಡಿ ಟೀವಿಗೆ ಟೀವಿಯದು, ಮೊಬೈಲಿಗೆ ಮೊಬೈಲಿನದು ಮುಟ್ಟಿಸುವ ಟಪಾಲಿನವನು. ಅನೇಕ ಡಬ್ಬಿಗಳಲ್ಲಿ ಇಬ್ಬರೂ ಕೂಡಿಯೇ ಇರುತ್ತಾರೆ. ಅದರಿಂದಲೇ ಈ ಗೊಂದಲ. ಡಬ್ಬಿಯ ಬೆನ್ನನ್ನು ನೋಡಿದರೆ ಗುರುತು ಸಿಗುತ್ತದೆ. ಸಣ್ಣ ಕಿಂಡಿ ಫೋನಿನ ತಾಮ್ರದ ತಂತಿಗೆ. ಎಂಟು ಎಳೆಗಳ ಅಗಲ ಕಿಂಡಿ ಎತರ್‌ನೆಟ್ ತಂತಿಗೆ. ತಿರುಪಿನಿಂದ ಕೂಡಿಸುವ ದುಂಡನೆಯದು ಕೇಬಲ್ ಟೀವಿಯ ತಂತಿಗೆ. ಹಸಿರು ತುದಿಯ ಚೌಕನೆಯದು ಗಾಜಿನ ಎಳೆಗೆ.

ನಮ್ಮ ಹೊಸ ಮನೆಗೆ ಮೂರು ದಾರಿಗಳು ಎದುರಿದ್ದವು.

ಮೊದಲನೆಯದು ಕೇಬಲ್. ಇದರಲ್ಲಿಯೂ ಎರಡು ಬಗೆ. ಟೀವಿ ಬರುವ ದಪ್ಪ ದುಂಡು ತಂತಿಯಲ್ಲಿಯೇ ಇಂಟರ್‌ನೆಟ್ ಬಂದರೆ ಅದಕ್ಕೆ ಕೇಬಲ್ ಮೋಡೆಮ್ ಬೇಕು. ವೇಗ ಸಾಕಷ್ಟು, ಆದರೆ ಒಂದು ಓಣಿಯವರೆಲ್ಲ ಒಂದೇ ತಂತಿಯ ಪಾಲುದಾರರು. ಸಂಜೆ ಎಲ್ಲರೂ ನಲ್ಲಿ ಬಿಟ್ಟಾಗ ನೀರಿನ ಧಾರೆ ಸಣ್ಣದಾಗುವಂತೆ ಆಗುವದುಂಟು. ಎರಡನೆಯ ಬಗೆಯಲ್ಲಿ ಕಟ್ಟಡದವರೆಗೆ ಗಾಜಿನ ಎಳೆ ಬಂದು, ಅಲ್ಲಿಂದ ಪ್ರತಿ ಮನೆಗೆ ಎತರ್‌ನೆಟ್ ತಂತಿ ಬರುತ್ತದೆ. ಆಗ ಮೋಡೆಮ್ಮೇ ಬೇಡ. ಬರಿಯ ರೌಟರ್ ಸಾಕು. ಪುಣೆಯಲ್ಲಿ "ಕೇಬಲ್‌ನವನು" ಎಂದು ನಾವು ಕರೆಯುವಾತ ಈ ಎರಡರಲ್ಲಿ ಯಾವದನ್ನು ಕೊಡುತ್ತಾನೆಂದು ಕೇಳಿ ತಿಳಿಯಬೇಕು.

ಎರಡನೆಯದು ಗಾಳಿಯ ದಾರಿ. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಆರಂಭವಾದ ಮೇಲೆ ಇದಕ್ಕೆ ಬಲ ಬಂದಿತು. 2023ರ ಸಪ್ಟೆಂಬರ 19ರಂದು ಜಿಯೋದವರು ಏರ್‌ಫೈಬರ್ ಎಂಬ ಹೆಸರಿನಿಂದ ಎಂಟು ಪಟ್ಟಣಗಳಲ್ಲಿ ಇದನ್ನು ಆರಂಭಿಸಿದಾಗ ಪುಣೆಯೂ ಆ ಎಂಟರಲ್ಲಿತ್ತು. ಹೊರಗೆ ಗಚ್ಚಿಯ ಮೇಲೋ ಬಾಲ್ಕನಿಯಲ್ಲೋ ಒಂದು ಡಬ್ಬಿ ಕೂಡ್ರಿಸುತ್ತಾರೆ. ಅದು ಮೊಬೈಲಿನ ಗೋಪುರದೊಡನೆ ಮಾತಾಡುತ್ತದೆ. ಅಲ್ಲಿಂದ ಒಂದು ತಂತಿ ಒಳಗಿನ ರೌಟರಿಗೆ. ಗಾಜಿನ ಎಳೆ ಬಾರದ ಬಡಾವಣೆಗೆ, ರಸ್ತೆ ಅಗೆಯಲು ಪರವಾನಿಗೆ ಸಿಗದಲ್ಲಿ ಇದು ವರವೇ ಸರಿ. ಊನವೆಂದರೆ, ಗೋಪುರ ಊರಿಗೆಲ್ಲ ಒಂದೇ. ಸುತ್ತಲಿನ ಮೊಬೈಲುಗಳ ಸಂಗಡ ನಾವೂ ಪಾಲು ಹಂಚಿಕೊಳ್ಳಬೇಕು. ಇಲ್ಲಿಯೂ ಹೋಗುವ ದಾರಿ ಬರುವ ದಾರಿಗಿಂತ ಇಕ್ಕಟ್ಟೇ.

ಮೂರನೆಯದು ಗಾಜಿನ ಎಳೆ. ಪಂಜಾಬದ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನು ಸಾಗಿಸಿ ತೋರಿಸಿದ್ದನ್ನು 1954ರಲ್ಲಿ ಪ್ರಕಟಿಸಿದರು. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಬೆಳಕಿನಿಂದ ದೂರದವರೆಗೆ ಸಂದೇಶ ಕಳಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ಲೆಕ್ಕ ಹಾಕಿ ಹೇಳಿದರು. ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂದಿತು. ಈಗ ಮನೆಗೆ ಬರುವ ಎಳೆಯ ತುದಿಯಲ್ಲಿರುವ ಡಬ್ಬಿಗೆ ಓ.ಎನ್.ಟಿ. ಎನ್ನುತ್ತಾರೆ. ರೂಢಿಯಲ್ಲಿ ನಾವು ಅದನ್ನೂ ಮೋಡೆಮ್ ಎಂದೇ ಕರೆಯುತ್ತೇವೆ. ಬಹಳ ಕಡೆಗಳಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊರುವ ಒಂದು ಎಳೆಯನ್ನು 32 ಇಲ್ಲವೆ 64 ಮನೆಗಳಿಗೆ ಕವಲೊಡೆದು ಕೊಡುತ್ತಾರೆ. ಬರುವದಕ್ಕೂ ಹೋಗುವದಕ್ಕೂ ಸಮವೇಗ ಕೊಡುವ ಯೋಜನೆಗಳು ಇದರಲ್ಲಿ ಸಿಗುತ್ತವೆ. ನನಗೆ ಬೇಕಾದದ್ದು ಅದೇ. ಈ ಓ.ಎನ್.ಟಿ.ಯನ್ನು ಅಂಗಡಿಯಲ್ಲಿ ಕೊಳ್ಳುವ ಗೋಜಿಗೆ ಹೋಗಬಾರದು. ಕಂಪನಿಯ ಕೇಂದ್ರದೊಡನೆ ಅದರ ಗುರುತು ಕೂಡಬೇಕಾಗಿರುವದರಿಂದ ಅವರು ಕೊಟ್ಟದ್ದನ್ನೇ ಇಟ್ಟುಕೊಳ್ಳುವದು ಕ್ಷೇಮ.

ಇದರ ಎರಡು ದೋಷಗಳನ್ನೂ ಹೇಳಬೇಕು. ಎಳೆಯನ್ನು ಮಡಿಚಿದರೆ ಬೆಳಕು ಸೋರಿ ಹೋಗುತ್ತದೆ. ಕಪಾಟಿನ ಹಿಂದೆ ಒತ್ತಿಬಿಟ್ಟು, ಕೆಂಪು ದೀಪ ಹತ್ತಿತೆಂದು ದೂರು ಕೊಡುವದು ವ್ಯರ್ಥ. ಎರಡನೆಯದು ವಿದ್ಯುತ್ತು. ತಾಮ್ರದ ಕಾಲದಲ್ಲಿ ಫೋನಿಗೆ ಬೇಕಾದ ಶಕ್ತಿ ಕೇಂದ್ರದ ಬ್ಯಾಟರಿಯಿಂದಲೇ ತಂತಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ದೀಪ ಹೋದರೂ ಫೋನು ಬಡಿದುಕೊಳ್ಳುತ್ತಿತ್ತು. ಗಾಜು ವಿದ್ಯುತ್ತನ್ನು ತರಲಾರದು. ಆದ್ದರಿಂದ ಹನ್ನೆರಡು ವೋಲ್ಟಿನ ಒಂದು ಪುಟ್ಟ ಯು.ಪಿ.ಎಸ್. ಇಟ್ಟುಕೊಳ್ಳುವದು ಒಳ್ಳೆಯದು. ವಯಸ್ಸಾದವರಿದ್ದ ಮನೆಗೆ ಇದು ಅವಶ್ಯ.

ಇನ್ನು ಬಾಡಿಗೆದಾರರ ಸಲುವಾಗಿ ನಾಲ್ಕು ಮಾತು. ನಮ್ಮಲ್ಲಿ ಬಹುಮಂದಿ ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರು. ಹನ್ನೆರಡು ತಿಂಗಳ ಹಣ ಒಮ್ಮೆಲೇ ಕೊಟ್ಟರೆ ಒಂದು ತಿಂಗಳು ಬಿಟ್ಟಿ ಎಂಬ ಆಸೆಗೆ ಬಿದ್ದು, ಹನ್ನೊಂದನೆಯ ತಿಂಗಳಲ್ಲಿ ಮನೆ ಬಿಡಬೇಕಾಗಿ ಬಂದರೆ ಲಾಭವೆಲ್ಲ ಅಲ್ಲಿಗಲ್ಲಿಗೆ. ಮೊದಲು ಒಂದು ತಿಂಗಳು, ಆಮೇಲೆ ಮೂರು ತಿಂಗಳು ಕೊಟ್ಟು ನೋಡಿರಿ. ಹೊಸ ವಿಳಾಸಕ್ಕೆ ಸಂಪರ್ಕವನ್ನು ಒಯ್ಯಲು ಬರುತ್ತದೋ, ಅದಕ್ಕೆಷ್ಟು ಎಂದು ಮೊದಲೇ ಕೇಳಿರಿ. ಗೋಡೆ ಕೊರೆಯುವ ಮುಂಚೆ ಮಾಲಕರ ಮತ್ತು ಸೊಸಾಯಟಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಮ್ಮ ಮಾಲಕರು ಹೊಸ ತೂತು ಕೂಡದೆಂದರು. ಎಳೆ ತೀರ ಸಣ್ಣದಾದ್ದರಿಂದ ಹಳೆಯ ಎ.ಸಿ. ಕೊಳವೆಯ ತೂತಿನಲ್ಲಿಯೇ ನುಸುಳಿತು. ಡಬ್ಬಿಗೆ ಅನಾಮತ್ತು ಹಣ ಕಟ್ಟಿಸಿಕೊಂಡರೆ ಅದರ ಪಾವತಿಯನ್ನು ಇಟ್ಟುಕೊಂಡು, ಸಂಪರ್ಕ ಬಿಡುವಾಗ ಡಬ್ಬಿ ಮರಳಿಸಿ ಹಣ ಕೇಳಿ ಪಡೆಯಬೇಕು.

ಲೆಕ್ಕದ ಮಾತೂ ಸ್ವಲ್ಪ. 399 ರೂಪಾಯಿ ಎಂದು ಬರೆದಿದ್ದರೆ ಅದರ ಮೇಲೆ 18 ಶೇಕಡಾ ಜಿ.ಎಸ್.ಟಿ. ಕೂಡಿ ಕೈ ಬಿಡುವದು 471. ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ, ಕಡತದ ತೂಕವನ್ನು ಬೈಟಿನಲ್ಲಿ ಹೇಳುತ್ತಾರೆ. ಎಂಟು ಬಿಟ್ಟಿಗೆ ಒಂದು ಬೈಟು. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ. ಅಂಕೆ ಕಡಿಮೆ ಕಂಡಿತೆಂದು ಜಗಳಕ್ಕೆ ಹೋಗುವ ಮೊದಲು ಎಂಟರಿಂದ ಭಾಗಿಸಿರಿ. ನಾಲ್ಕು ಜನರ ಸಂಸಾರಕ್ಕೆ, ಒಬ್ಬರು ಟೀವಿ, ಒಬ್ಬರು ಪಾಠ, ಒಬ್ಬರು ಮಾತು ಎಂದರೂ 40 ಸಾಕಾಗುತ್ತದೆ. ನೂರು, ಮುನ್ನೂರು ಎಂಬುದು ಕೇಳಲು ಚೆನ್ನ.

ವೇಗ ಕೊಂಡು ತಂದರೂ ಡಬ್ಬಿಯನ್ನು ಮೂಲೆಯ ಕಪಾಟಿನಲ್ಲಿಟ್ಟರೆ ಸಿಗುವದಿಲ್ಲ. ಮನೆಯ ವೈಫೈಗೆ ಸಾಮಾನ್ಯವಾಗಿ ಎರಡು ಪಟ್ಟಿಗಳುಂಟು. 2.4 ಗಿಗಾಹರ್ಟ್ಸಿನದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸಿನದು ವೇಗದ್ದು, ಗೋಡೆಗೆ ಮಾತ್ರ ಅಂಜುತ್ತದೆ. ಎರಡೂ ಇರುವ ಡಬ್ಬಿ ತೆಗೆದುಕೊಂಡು, ಮನೆಯ ನಡುವೆ, ಎದೆಯ ಎತ್ತರಕ್ಕೆ, ಬಯಲಾಗಿ ಇಡಬೇಕು. ಬಂದ ದಿನವೇ ಡಬ್ಬಿಯ ತಳದಲ್ಲಿ ಅಚ್ಚಾದ ಗುಪ್ತಪದವನ್ನು ಬದಲಿಸಬೇಕು. ಮಗಳ ಹೆಸರನ್ನೇ ಗುಪ್ತಪದವೆಂದು ಇಡಬಾರದು. ಇಡೀ ಕಟ್ಟಡಕ್ಕೆ ಅವಳ ಹೆಸರು ಗೊತ್ತಿರುತ್ತದೆ.

ಸಮವೇಗದ ಸಂಪರ್ಕ ಬಂದ ದಿನ ಸಂಜೆ ಊರಿಗೆ ಹಚ್ಚಿದೆವು. ಕಿತ್ತೂರಿನ ಹೆಸರು ಬಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ, ಧೂಳು ಸೆಕೆಯಲ್ಲಿಯೂ ಎ.ಸಿ. ಇಲ್ಲದೆ ನಡೆಯುವಂತೆ ರಚಿಸಿದ 128 ಸಾಲುಗಳ ಫೋನಿನ ಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿಯೇ ಆರಂಭವಾಯಿತು. ಅಪ್ಪ ಅದನ್ನು ಈಗಲೂ ಅಭಿಮಾನದಿಂದ ಹೇಳುತ್ತಾರೆ. ಆಗ ಅವರ ಕಿವಿ ಚುರುಕಾಗಿತ್ತು.

ಆ ಸಂಜೆ ಅಪ್ಪ ಬಹಳ ಹೊತ್ತು ನೋಡಿದರು. "ಈಗ ಮಾರಿ ಚೊಲೊ ಕಾಣತೈತಿ. ಭಾಳ ಸೊರಗೀಯಲ್ಲೊ ತಮ್ಮಾ," ಎಂದರು. ನಾನು ಸಾವಕಾಶವಾಗಿ, ತುಟಿ ಕಾಣುವಂತೆ, "ಇಲ್ಲಪ್ಪಾ, ಕನ್ನಡಕ ಬದಲಾಗೇದ," ಎಂದೆ. ತಕ್ಷಣ ತಿಳಿದು ನಕ್ಕರು. ಮೂರು ವರ್ಷಗಳ ಮೇಲೆ ನಮ್ಮಿಬ್ಬರ ನಡುವೆ ಹಲಗೆ ಬಳಪವಿಲ್ಲದೆ ಮಾತು ನಡೆದದ್ದು ಅಂದೇ.

ಆದರೆ ಪಾಟಿ ಅಟ್ಟಕ್ಕೆ ಹೋಗಲಿಲ್ಲ. ಮಗಳಿಗೆ ಈಗ ಏಳು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ಕನ್ನಡ ಮಾತು ಬರುತ್ತದೆ, ಅಕ್ಷರ ಬರುತ್ತಿರಲಿಲ್ಲ. ದಿನಾಲು ಏಳು ಗಂಟೆಗೆ ಅಜ್ಜನ ಮುಂದೆ ಪಾಟಿ ಹಿಡಿದು ಕೂಡ್ರುತ್ತಾಳೆ. ಮೊನ್ನೆ "ಅಜ" ಎಂದು ಬರೆದು ತೋರಿಸಿದಳು. ಅಪ್ಪ ಬೆರಳೆತ್ತಿ ಗಾಳಿಯಲ್ಲಿ ಒಂದು ಒತ್ತು ಬರೆದರು. ಅವಳು ನೋಡಿಕೊಂಡು ಕೆಳಗೆ ಒತ್ತು ಕೊಟ್ಟಳು. ಬೆರಳು ಹೋದ ದಾರಿ ಪೂರ್ತಿ ಕಂಡಿತು, ನಡುವೆ ಎಲ್ಲಿಯೂ ನಿಲ್ಲಲಿಲ್ಲ.

ಅಟ್ಟದ ಪೆಟ್ಟಿಗೆಯ ವಿಚಾರ ಉಳಿಯಿತು. ಇಂಥ ವಸ್ತುಗಳನ್ನು ಭಂಗಾರಕ್ಕೆ ಹಾಕಬಾರದು. ಇ-ತ್ಯಾಜ್ಯದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಸಂಗ್ರಹದವರಿಗೇ ಕೊಡಬೇಕು. ಕೊಡುವ ಮೊದಲು ಬೆನ್ನಿನ ಸಣ್ಣ ತೂತಿನಲ್ಲಿ ಸೂಜಿ ಒತ್ತಿಹಿಡಿದು ಒಳಗಿನ ಗುಪ್ತಪದಗಳನ್ನು ಅಳಿಸಿಬಿಡಿ. ನಾನು ಕಡ್ಡಿಯನ್ನೂ ಕರಿಯ ಡಬ್ಬಿಯನ್ನೂ ಹಾಗೆಯೇ ಕೊಟ್ಟೆ. ಬಿಳಿಯದನ್ನು ಇನ್ನೂ ಇಟ್ಟಿದ್ದೇನೆ. ತಾಮ್ರದ ತಂತಿ ಉಳಿದಿರುವ ವಾಚಕರು ಯಾರಾದರೂ ಇದ್ದರೆ ಸಂಘದ ಕಚೇರಿಗೆ ತಿಳಿಸಬೇಕು, ಪುಕ್ಕಟೆ ಕೊಡುತ್ತೇನೆ. ಅದಕ್ಕೆಷ್ಟು ಕೊಟ್ಟಿದ್ದೆನೆಂದು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಬಾರದು. ಬರೆದದ್ದು ಅಚ್ಚಾದ ಮೇಲೆ ಅದೂ ಗುಟ್ಟಾಗಿ ಉಳಿಯುವದಿಲ್ಲವೆನ್ನಿ.

ಮುಂದಿನ ಸಂಚಿಕೆಯಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಕಡತವನ್ನು ಬಿಚ್ಚುವ ವಿಚಾರವಿದೆ. ವಾಚಕರು ತಮ್ಮ ಅನುಭವಗಳನ್ನು ಬರೆದು ಕಳಿಸಬೇಕೆಂದು ವಿನಂತಿ.